ಹೆಜ್ಜೆಪಾಲು

೧೯೪೨ನೆಯ ಇಸವಿಯ ಕಾರ್ತಿಕ ಮಾಸದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಹತ್ತಿರ ನಾವು ವಾಸವಾಗಿರುವ ಮನೆಯ ಜಗಲಿಯ ಮೇಲೆ ತೇಗದ ಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿದ ಒಂದು ಪೊಟ್ಟಣ ಕಂಡುಬಂತು. ಅದರೊಳಗೆ ಕಾಡುಹಂದಿಯ ಮಾಂಸವಿತ್ತು. ಪೊಟ್ಟಣ ನನಗೆಂದೇ ಬಂದದ್ದು. ನಾವು ವೀರಶೈವರು. ಅದನ್ನು ಮೊದಲು ಕಂಡವಳು ನನ್ನ ಹೆಂಡತಿ ಗೌರಮ್ಮ. ಆಕೆ ಸ್ನಾನ ಮುಗಿಸಿ, ಕಾರ್ತಿಕ ಸೋಮವಾರದ ಉಪವಾಸ ಹಿಡಿದು, ಪೂಜೆಗೆ ಪತ್ರೆ ಕೊಯ್ಯಲು ಹೊರಗೆ ಬಂದಿದ್ದಳು.

ಪತ್ರಿಕೆಯ ಕಚೇರಿಯಲ್ಲಿ ನಾನು ಕಲಿತ ಪಾಠ ಚಿಕ್ಕದು. ನಡೆದದ್ದನ್ನು ಮೊದಲು ಹೇಳಬೇಕು, ಹೇಗೆ ನಡೆಯಿತೆಂಬುದನ್ನು ಆಮೇಲೆ ಹೇಳಬೇಕು, ನಮ್ಮ ಅಭಿಪ್ರಾಯವನ್ನು ಮನೆಗೆ ಕೊಂಡುಹೋಗಬೇಕು. ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ ಎನ್ನುವುದು ಬೇರೆ ಮಾತು. ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿ ಸೇರಿ, ಉಪಸಂಪಾದಕನಾಗಿಯೇ ನಿವೃತ್ತನಾದವನು ನಾನು. ಕೊನೆಯ ವರ್ಷಗಳಲ್ಲಿ ಎದೆಯ ಬಡಿತ ಆಗಾಗ ತಾಳ ತಪ್ಪತೊಡಗಿತು. ವೈದ್ಯರು ಎದೆಗೆ ಕಿವಿಯಿಟ್ಟು ಕೇಳಿ, ಬೆಟ್ಟದ ಗಾಳಿ ಸೇವಿಸಿ, ದಿನವೂ ನಿಧಾನವಾಗಿ ನಡೆಯಿರಿ, ಕೂಗಾಡಬೇಡಿ, ಪತ್ರಿಕೆ ಓದಬೇಡಿ ಎಂದರು. ಬಾಳೆಹೊನ್ನೂರಿನಲ್ಲಿ ಅಂಗಡಿ ಇಟ್ಟಿರುವ ಗೌರಮ್ಮನ ತಮ್ಮನಿಗೆ ಇಲ್ಲಿ ಗುಡ್ಡದ ಮಗ್ಗುಲಲ್ಲಿ ಖಾಲಿ ಬಿದ್ದ ಒಂದು ಮನೆಯಿತ್ತು. ಮುಂದೆ ಇಳಿಜಾರಿನಲ್ಲಿ ಗದ್ದೆಗಳು, ಹಿಂದೆ ಕಾನು. ಇಲ್ಲಿಯವರು ಎಂದೂ ಹಸಿರು ಬತ್ತದ ದಟ್ಟ ಕಾಡಿಗೆ ಕಾನು ಎನ್ನುತ್ತಾರೆ. ಪತ್ರಿಕೆಯನ್ನು ನಾನು ಪೂರ್ತಿ ಬಿಡಲಿಲ್ಲ. ಅದು ಪೆಟ್ರೋಲಿನ ಬರಕ್ಕೆ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕೊಪ್ಪದವರೆಗೆ ಬಂದು, ಅಲ್ಲಿಂದ ಯಾರ ಕೈಯಲ್ಲೋ ನಮ್ಮ ಮನೆಗೆ ಬರುತ್ತಿತ್ತು. ನಾನು ಓದುವ ಹೊತ್ತಿಗೆ ಯುದ್ಧದ ಊರುಗಳು ಕೈ ಬದಲಾಯಿಸಿ ಆಗಿರುತ್ತಿದ್ದವು. ಹಾಗಾಗಿ ಎದೆಗೆ ಅದರಿಂದ ಅಪಾಯವಾಗಲಿಲ್ಲ.

ಕಾನಿನೊಳಗಿನ ನಡಿಗೆ ಮಾತ್ರ ನನಗೆ ಔಷಧಿಯಾಗಿ ಶುರುವಾಗಿ ಬೇರೆಯೇ ಏನೋ ಆಯಿತು. ಚೈತ್ರದಲ್ಲಿ ತರಗೆಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ನಂದಿಮರ ತೊಗಟೆ ಸುಲಿದುಕೊಂಡು ಆಗತಾನೇ ಸ್ನಾನ ಮಾಡಿದವರಂತೆ ಬೆಳ್ಳಗೆ ನಿಲ್ಲುತ್ತದೆ. ಮೊದಲ ಮಳೆಗೆ ಸೀತೆದಂಡೆಯ ಹೂಗೊಂಚಲು ಎತ್ತರದ ಕೊಂಬೆಯಿಂದ ಜೋತುಬಿದ್ದು, ಕತ್ತೆತ್ತಿ ನಡೆಯುವವನನ್ನು ಬೇರಿಗೆ ಎಡವಿಸುತ್ತದೆ. ಆಷಾಢದಿಂದ ಮೂರು ತಿಂಗಳು ಕಾನು ರಕ್ತ ಹೀರುವ ಉಂಬಳಗಳ ಸ್ವತ್ತು. ಹೊಗೆಸೊಪ್ಪಿನ ನೀರನ್ನು ಕಾಲಿಗೆ ಬಳಿದುಕೊಂಡು ಹೋದರೂ ಅವು ಬಿಡುವುದಿಲ್ಲ. ಸಂಪಾದಕರಿಗೆ ಪತ್ರ ಬರೆಯುವ ಕೆಲವು ಮಹನೀಯರನ್ನು ಬಿಟ್ಟರೆ ಅಷ್ಟು ಪಟ್ಟು ಹಿಡಿಯುವ ಜೀವಿಯನ್ನು ನಾನು ಕಂಡಿಲ್ಲ. ಆಶ್ವೀಜ ಕಳೆದ ಮೇಲೆ ಬೆಳಕೇ ಬೇರೆ. ಬೆಳಗಿನ ಮಂಜು ಮರಗಳ ನಡುವೆ ನಿಂತಿದ್ದು, ಬಿಸಿಲು ತಾಗಿದಾಗ ಹನಿಯಾಗಿ ಎಲೆಯಿಂದ ಎಲೆಗೆ ಇಳಿಯುತ್ತದೆ. ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದರೆ, ನಮ್ಮ ಕಚೇರಿಯ ಹಳೆಯ ಅಚ್ಚಿನ ಯಂತ್ರ ಹೊರಡುವಾಗ ಕೇಳುತ್ತಿದ್ದ ಸದ್ದೇ ಕೇಳುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ನಾನು ಅಭ್ಯಾಸಬಲದಿಂದ ಅಂಗಿಯ ಜೇಬಿನಲ್ಲಿ ಪೆನ್ಸಿಲು ಹುಡುಕಿದೆ.

ಇಲ್ಲಿ ಕೆಲಸವಿಲ್ಲದೆ ಕಾನಿಗೆ ಹೋಗುವವರಿಲ್ಲ. ಸೊಪ್ಪಿಗೆ ಹೋಗುವವರ ಕೈಯಲ್ಲಿ ಕತ್ತಿ ಇರುತ್ತದೆ, ದರಗಿಗೆ, ಎಂದರೆ ತರಗೆಲೆಗೆ, ಹೋಗುವವರ ತಲೆಯ ಮೇಲೆ ಬುಟ್ಟಿ, ದನ ಹುಡುಕುವವರ ಬಾಯಲ್ಲಿ ದನದ ಹೆಸರು. ನಾನು ಕಪ್ಪು ಕೋಟು ತೊಟ್ಟು, ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಾದ್ದರಿಂದ ಎದುರಿಗೆ ಸಿಕ್ಕವರು "ದೂರ ಹೊರಟ್ರಾ?" ಎನ್ನುತ್ತಿದ್ದರು. ದೂರವೇನಿಲ್ಲ, ಸುಮ್ಮನೆ ಎಂದರೆ ಅವರ ಮುಖದಲ್ಲಿ ಮರುಕ ಕಾಣುತ್ತಿತ್ತು. ನನಗೆ ಮನೆಯಲ್ಲಿ ಜಗಳವಾಗಿದೆ ಎಂದು ಕೆಲವರು, ಸರ್ಕಾರದ ಕಡೆಯಿಂದ ಮರ ನೋಡಲು ಬಂದವನು ಎಂದು ಕೆಲವರು, ನಿಧಿ ಹುಡುಕುತ್ತಿದ್ದೇನೆ ಎಂದು ಉಳಿದವರು ತಿಳಿದಿದ್ದರಂತೆ. ಇವುಗಳಲ್ಲಿ ಮೊದಲನೆಯದು ಮಾತ್ರ ಕೆಲವು ದಿನಗಳ ಮಟ್ಟಿಗೆ ನಿಜವಾಗಿತ್ತು.

ನನ್ನನ್ನು ಹೀಗೆ ನೋಡದೆ ಇದ್ದವರು ಒಬ್ಬರೇ, ನೆರೆಯ ಮಂಜೇಗೌಡರು. ಕಾನಿನಿಂದ ಗದ್ದೆಯ ಬದುವಿಗೆ ಇಳಿಯುವಲ್ಲಿ ಬೇಲಿಗೆ ಒಂದು ದಣಪೆಯಿದೆ. ದಣಪೆ ಎಂದರೆ ದನ ನುಗ್ಗದಂತೆ ಅಡ್ಡ ಬಿದಿರು ತೂರಿಸಿದ ದಾರಿ. ಮನುಷ್ಯರು ಕಾಲೆತ್ತಿ ದಾಟಬೇಕು. ನಾನು ತಿರುಗಿ ಬರುವ ಹೊತ್ತಿಗೆ ಗೌಡರು ಅದರ ಪಕ್ಕದ ಕಲ್ಲಿನ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದರು. ನಾನು ದಾಟುವಾಗ ಕೈ ಕೊಟ್ಟು ಇಳಿಸಿಕೊಂಡು, ಕೂರಿಸಿ ಕೇಳುತ್ತಿದ್ದರು.

"ಏನ್ ಕಂಡ್ರಿ ಮಾರಾಯ್ರೆ ಇವತ್ತು?"

"ಹಳ್ಳದ ಬದಿಯಲ್ಲಿ ಕೆಸುವಿನ ಗೆಡ್ಡೆಯನ್ನು ಯಾರೋ ಅಗೆದುಬಿಟ್ಟಿದ್ದಾರೆ ಗೌಡ್ರೆ. ಒಂದು ಚಾಪೆ ಹಾಸುವಷ್ಟು ಜಾಗ."

"ಹೌದಾ! ಮಣ್ಣು ಹಸಿಯಾ, ಒಣಗಿತ್ತಾ?"

"ಹಸಿ. ಬೆಳಗಿನ ಇಬ್ಬನಿ ಅದರ ಮೇಲೆ ಬಿದ್ದಿರಲಿಲ್ಲ."

"ಹಳ್ಳದ ಮೇಲಿನ ಬದಿಯಾ, ಕೆಳಗಿನ ಬದಿಯಾ? ಹೆಜ್ಜೆ ನೀರಿಗೆ ಇಳಿದಿತ್ತಾ, ಹತ್ತಿ ಹೋಗಿತ್ತಾ?"

ನಾನು ಎಲ್ಲವನ್ನೂ ಹೇಳುತ್ತಿದ್ದೆ. ಎಲ್ಲಿ, ಯಾವಾಗ, ಎಷ್ಟು, ಯಾವ ದಿಕ್ಕು ಎಂದು ವರದಿಗಾರರನ್ನು ಪೀಡಿಸಿದವನು ನಾನು. ಈಗ ನನ್ನನ್ನೇ ಹಾಗೆ ಪೀಡಿಸುವ ಒಬ್ಬರು ಸಿಕ್ಕಿದ್ದರು. ನನ್ನ ವೃತ್ತಿಜೀವನದಲ್ಲಿ ನಾನು ತಿದ್ದಿದ ಸುದ್ದಿಯನ್ನು ಯಾರೂ ಅಷ್ಟು ಗಮನವಿಟ್ಟು ಓದಿರಲಿಲ್ಲ. ಈ ಮನುಷ್ಯ ಪ್ರಕೃತಿಯ ಆರಾಧಕ, ಓದು ಬರಹ ಹೆಚ್ಚಿಲ್ಲದಿದ್ದರೂ ಕವಿಹೃದಯದವನು ಎಂದು ಗೌರಮ್ಮನ ಮುಂದೆ ಹೇಳಿದ್ದೆ. ಮಾರನೆಯ ದಿನವೋ ಅದರ ಮಾರನೆಯ ದಿನವೋ ಕಾನಿನ ಕಡೆಯಿಂದ ಕೋವಿಯ ಸದ್ದು ಕೇಳುತ್ತಿತ್ತು. ಗದ್ದೆ ಕಾಯುವವರು ಹಂದಿಗಳನ್ನು ಹೆದರಿಸಲು ಆಕಾಶಕ್ಕೆ ಹಾರಿಸುತ್ತಾರೆ ಎಂದು ಭಾವಮೈದುನ ಹೇಳಿದ್ದನ್ನು ನಂಬಿದ್ದೆ. ಒಂದು ಸಲ ನಾನೇ ಗೌಡರಿಗೆ, ನಿನ್ನೆ ಎಮ್ಮೆಹೊಂಡದ ದಿಕ್ಕಿನಲ್ಲಿ ಸದ್ದು ಕೇಳಿತು ಎಂದು ಸುದ್ದಿ ಮುಟ್ಟಿಸಿದ್ದೆ. ಗೌಡರು "ಹೌದಾ ಮಾರಾಯ್ರೆ?" ಎಂದು ಆಶ್ಚರ್ಯಪಟ್ಟಿದ್ದರು.

ಈಗ ಪೊಟ್ಟಣಕ್ಕೆ ಬರುತ್ತೇನೆ. ಗೌರಮ್ಮ ಕೂಗಿದ ಸದ್ದಿಗೆ ನಾನು ಹೊರಗೆ ಬಂದಾಗ ಮಂಜೇಗೌಡರು ಅಂಗಳದಲ್ಲಿ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಗೌರಮ್ಮ ಹೊಸಿಲ ಮೇಲೆ ನಿಂತಿದ್ದಳು. ಪೊಟ್ಟಣ ಇಬ್ಬರ ನಡುವೆ ಇತ್ತು.

"ಗೌಡ್ರೆ, ಕಾರ್ತಿಕ ಸೋಮವಾರ ಇವತ್ತು. ನಮ್ಮ ಮನೆ ಅಂತ ಗೊತ್ತಿದ್ದೂ ಗೊತ್ತಿದ್ದೂ ಎಂಥ ಕೆಲಸ ಇದು?"

"ತಪ್ಪು ತಿಳೀಬೇಡಿ ಅಮ್ಮ. ಇದು ಅಯ್ಯನೋರ ಹೆಜ್ಜೆಪಾಲು."

"ಎಂಥ ಪಾಲು?"

"ಹೆಜ್ಜೆಪಾಲು. ಹಂದಿ ಎಲ್ಲೈತೆ ಅಂತ ಹೆಜ್ಜೆ ನೋಡ್ಕೊಂಡು ಬಂದು ಹೇಳಿದವರಿಗೆ ಕೊಡೋದು. ಕೋವಿ ಹೊಡೆದವನದ್ದು ಒಂದು ಪಾಲು, ನಾಯಿ ಬಿಟ್ಟವನದ್ದು ಒಂದು ಪಾಲು, ಹೆಜ್ಜೆ ತಂದವನದ್ದು ಒಂದು ಪಾಲು. ಈ ವರ್ಷದ ಹೆಜ್ಜೆ ಪೂರಾ ಅಯ್ಯನೋರದ್ದೇ. ಇಂಥಾ ಕಣ್ಣು ಈ ಸೀಮೆಯಲ್ಲೇ ಇಲ್ಲ ಬಿಡಿ."

ಗೌರಮ್ಮ ನನ್ನ ಕಡೆ ತಿರುಗಿದಳು. ಆ ನೋಟಕ್ಕೆ ಪದ ಹುಡುಕುವುದಿಲ್ಲ.

"ಮುಂಚಿನ ಹಂದಿಗಳದ್ದು ಕೊಟ್ಟಿಲ್ಲ ಅಂತ ಬೇಜಾರು ಮಾಡ್ಕೋಬೇಡಿ," ಎಂದು ಗೌಡರು ನನಗೆ ಹೇಳಿದರು. "ನೀವು ತಿನ್ನೋರಲ್ಲ ಅಂತ ನಾವೇ ಬಿಟ್ವಿ. ಆಮೇಲೆ ಎರಡು ಸಲ ಗುರಿ ತಪ್ಪಿತು ನೋಡಿ. ನಮ್ಮ ಅವ್ವ ಬೈದ್ರು. ಹೆಜ್ಜೆ ತಂದವರಿಗೆ ಕೊಡದೇ ತಿಂದ್ರೆ ಕೋವಿ ಕೆಡದೇ ಇರುತ್ತಾ ಅಂದ್ರು. ನೀವು ಬೇಡ ಅಂದ್ರೆ ನಮ್ಮ ಕೋವಿ ಮುಗೀತು. ಹಂದಿ ಗದ್ದೆಗೆ ಬಂದು ಮಲಗುತ್ತೆ."

"ಈ ಹೊಸಿಲು ಅದು ದಾಟಲ್ಲ," ಎಂದಳು ಗೌರಮ್ಮ.

"ದಾಟೋದು ಬೇಡ ಅಮ್ಮ. ಅಯ್ಯನೋರು ಒಂದ್ಸಲ ಕೈಯಲ್ಲಿ ಹಿಡಿದ್ರೆ ಸಾಕು. ಆಮೇಲೆ ಯಾರಿಗೆ ಬೇಕಾದ್ರೂ ಕೊಡಬಹುದು."

ನಾನು ಹಿಡಿದೆ. ಅಂಗಳ ಗುಡಿಸಲು ಬಂದಿದ್ದ ಕೆಲಸದ ಸುಬ್ಬಿ ಪೊರಕೆ ಕೆಳಗಿಟ್ಟು, ಯಾರೂ ಹೇಳುವ ಮೊದಲೇ ಬಂದು ಎರಡೂ ಕೈ ಚಾಚಿದಳು. ಪೊಟ್ಟಣ ಸೆರಗಿನ ಕೆಳಗೆ ಹೋದ ಮೇಲೆ, "ಅಯ್ಯೋರೆ, ನಾಳೆ ಆಚೆ ಗುಡ್ಡಕ್ಕೂ ಒಂದ್ಸಲ ಹೋಗಿ ಬನ್ನಿ," ಎಂದು ಮೆತ್ತಗೆ ಹೇಳಿದಳು. ಜಗಲಿಯನ್ನು ಸಗಣಿ ಹಾಕಿ ಸಾರಿಸಿದರು. ನನ್ನನ್ನು ತಣ್ಣೀರಿನಲ್ಲಿ ಸ್ನಾನ ಮಾಡಿಸಿದರು. ಅಂದು ಪೂಜೆಯ ಹೊತ್ತಿಗೆ ಗೌರಮ್ಮ ನನ್ನನ್ನು ಕರೆಯಲಿಲ್ಲ. ಸಂಜೆ ದೀಪ ಹಚ್ಚುವಾಗ ಒಂದೇ ಮಾತು ಹೇಳಿದಳು: "ಊರಿಗೆಲ್ಲ ಸುದ್ದಿ ಹೇಳೋ ಚಟ ಮೈಸೂರಲ್ಲೇ ಬಿಟ್ಟು ಬರೋಕೆ ಆಗಲಿಲ್ವಾ ನಿಮಗೆ?"

ಹಂದಿಯ ವಿಷಯದಲ್ಲಿ ನಾನು ಗೌಡರ ಮೇಲೆ ತಪ್ಪು ಹೊರಿಸಲಾರೆ. ಅಕ್ಕಿ ಸಿಗದೆ ಊರೂರು ಒದ್ದಾಡುತ್ತಿರುವ ಕಾಲ ಇದು. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಗದ್ದೆಗೆ ಇಳಿದರೆ ಬೆಳಗಾಗುವುದರೊಳಗೆ ಒಂದು ಸಂಸಾರದ ಅನ್ನ ಕೆಸರಾಗುತ್ತದೆ. ಆ ಗದ್ದೆಯ ಅಕ್ಕಿಯನ್ನೇ ನಾವೂ ಉಣ್ಣುತ್ತೇವೆ. ಆದರೂ ಮಾರನೆಯ ದಿನ ಕಾನಿಗೆ ಕಾಲಿಟ್ಟಾಗ ನನ್ನ ನಡಿಗೆ ಮೊದಲಿನಂತೆ ಇರಲಿಲ್ಲ. ಇಲ್ಲಿಂದ ಏನನ್ನೂ ತೆಗೆದುಕೊಂಡು ಹೋಗದವನು ನಾನೊಬ್ಬನೇ ಎಂಬ ಸಣ್ಣ ಹೆಮ್ಮೆ ನನಗಿತ್ತು. ಸೊಪ್ಪು ಕಡಿಯುವವರಿಗೆ ಸೊಪ್ಪು ಸಿಕ್ಕಿತ್ತು, ದರಗಿನವರಿಗೆ ದರಗು. ನಾನು ಒಳಗೆ ಕಂಡದ್ದನ್ನೆಲ್ಲ ದಣಪೆಯ ಹತ್ತಿರ ಒಪ್ಪಿಸಿ ಬಂದಿದ್ದೆ. ಕುಡಿಯುವ ನೀರು ಎಲ್ಲಿದೆ, ಮಲಗುವ ಪೊದೆ ಎಲ್ಲಿದೆ ಎಂದು ಒಂದೊಂದಾಗಿ.

ನಡಿಗೆ ಬಿಡುವ ಮನಸ್ಸಾಗಲಿಲ್ಲ. ಹಾಗಾಗಿ ಸುದ್ದಿಯನ್ನು ಕತ್ತರಿಸಲು ನಿಶ್ಚಯಿಸಿದೆ. ಯುದ್ಧ ಶುರುವಾದ ಮೇಲೆ ನಮ್ಮ ಕಚೇರಿಯ ಪುಟಗಳು ಸೆನ್ಸಾರಿನ ಕೆಂಪು ಪೆನ್ಸಿಲು ದಾಟಿಯೇ ಅಚ್ಚಿಗೆ ಹೋಗಬೇಕಾಗಿತ್ತು. ಆ ಪೆನ್ಸಿಲನ್ನು ನಾನು ಬೈದಷ್ಟು ಬೇರೆ ಯಾರೂ ಬೈದಿರಲಾರರು. ಈಗ ಅದೇ ಪೆನ್ಸಿಲನ್ನು ನಾನೇ ಹಿಡಿದೆ. ಗೌಡರು ಕೇಳಿದರೆ ರಂಜದ ಹೂ ಉದುರಿದೆ, ಕುಟ್ರುಹಕ್ಕಿ ಕೂಗಿತು, ಕೆಂದಳಿಲು ಗೂಡಿಗೆ ಕಡ್ಡಿ ಒಯ್ಯುತ್ತಿದೆ ಎಂದು ಹೇಳುತ್ತಿದ್ದೆ. ಗೌಡರು ಆಕಳಿಸಿದರೂ ಕೇಳುತ್ತಿದ್ದರು. "ಹಳ್ಳದ ಕಡೆ ಹೋಗಿಲ್ವಾ?" ಎಂದರೆ, ಹೋಗಿದ್ದೆ, ನೀರು ತಿಳಿಯಾಗಿದೆ ಎನ್ನುತ್ತಿದ್ದೆ. ಕಾನಿನಲ್ಲಿ ಕೋವಿಯ ಸದ್ದು ಕಡಮೆಯಾಯಿತು. ಕೊಯ್ಲೂ ಮುಗಿದಿತ್ತು. ಸುಬ್ಬಿ ಮಾತ್ರ ನನ್ನ ಕಣ್ಣು ಮಂಜಾಗುತ್ತಿದೆಯೇನೋ ಎಂದು ಗೌರಮ್ಮನ ಹತ್ತಿರ ಕಳವಳಪಟ್ಟಳಂತೆ.

ಮಾರ್ಗಶಿರದ ಒಂದು ಬೆಳಿಗ್ಗೆ ಎಮ್ಮೆಹೊಂಡದ ಹತ್ತಿರ ಹೋದೆ. ಅದು ಕಾನಿನ ನಡುವೆ ಇರುವ ಸಣ್ಣ ಹೊಂಡ, ಸುತ್ತ ಒತ್ತಾದ ಬಿದಿರು. ಮಂಜು ನೀರಿನ ಮೇಲೆ ಹೊಗೆಯಂತೆ ಹರಿದಾಡುತ್ತಿತ್ತು. ನೀರಿನೊಳಗೆ ಮೊಣಕಾಲುದ್ದ ಇಳಿದು ಒಂದು ಹೆಣ್ಣು ಕಡವೆ ನಿಂತಿತ್ತು. ಅಷ್ಟು ದೊಡ್ಡ ಪ್ರಾಣಿಯನ್ನು ಬೇಲಿಯಿಲ್ಲದೆ ನಾನು ನೋಡಿರಲಿಲ್ಲ. ಕುತ್ತಿಗೆಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮೂಗಿನಿಂದ ಉಸಿರು ಬೆಳ್ಳಗೆ ಬಂದು ಮಂಜಿನಲ್ಲಿ ಸೇರುತ್ತಿತ್ತು. ಅದು ನನ್ನನ್ನು ಕಂಡಿತು. ಕಿವಿಗಳೆರಡೂ ನನ್ನ ಕಡೆ ತಿರುಗಿದವು. ನಾನು ನಂದಿಮರವೊಂದಕ್ಕೆ ಕೈಯಾನಿಸಿ ನಿಂತೆ. ಆಗ ಬಿದಿರಿನ ಬುಡದಲ್ಲಿ ಇನ್ನೊಂದು ಜೊತೆ ಕಿವಿ ಕಂಡಿತು. ಮರಿ. ಅದರ ಕಾಲು ಇನ್ನೂ ಅದರ ಮಾತು ಕೇಳುತ್ತಿರಲಿಲ್ಲ. ಕೆಸರಿನಲ್ಲಿ ಒಂದನ್ನು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತಿತ್ತು. ತಾಯಿ ನನ್ನಿಂದ ಕಣ್ಣು ತೆಗೆಯದೆ, ಓಡದೆ, ಅದು ದಡ ಹತ್ತುವವರೆಗೆ ನೀರಿನಲ್ಲೇ ನಿಂತಿತ್ತು. ಆಮೇಲೆ ನಿಧಾನವಾಗಿ ಹತ್ತಿ ಬಿದಿರಿನೊಳಗೆ ಹೋಯಿತು. ಅಲ್ಲಿಯವರೆಗೆ ನಾನು ಕಂಡದ್ದನ್ನೆಲ್ಲ ಯಾರಿಗಾದರೂ ಹೇಳಬೇಕೆಂದೇ ಕಂಡಿದ್ದೆ. ಇದನ್ನು ಹಾಗೆ ಕಾಣಲಿಲ್ಲ. ಈ ಸುದ್ದಿ ನನ್ನ ಬಾಯಿಂದ ಹೊರಗೆ ಹೋದರೆ ಈ ಹೊಂಡದ ಪಕ್ಕದಲ್ಲಿ ಆ ಕಡವೆ ಬಿದ್ದಿರುತ್ತದೆ ಎಂಬುದೊಂದೇ ಮನಸ್ಸಿನಲ್ಲಿತ್ತು.

ದಣಪೆಯ ಹತ್ತಿರ ಗೌಡರಿದ್ದರು.

"ಏನ್ ಕಂಡ್ರಿ?"

"ಏನೂ ಇಲ್ಲ."

"ಏನೂ ಇಲ್ವಾ?"

"ಇಲ್ಲ."

"ಹಕ್ಕಿ?"

"ಇಲ್ಲ ಗೌಡ್ರೆ."

"ಹೂವು ಗೀವು?"

"ಏನೂ ಇಲ್ಲ ಅಂದೆನಲ್ಲ."

ಗೌಡರು ಬಾಯಲ್ಲಿದ್ದ ರಸವನ್ನು ಬದಿಗೆ ಉಗುಳಿ, ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು. ಒದ್ದೆಯಾದ ಚಪ್ಪಲಿ ನೋಡಿದರು, ಕೋಟಿಗೆ ಹತ್ತಿದ ಬಿದಿರಿನ ಸುಂಕು, ಅದರ ಚುಚ್ಚುವ ನವಿರು, ನೋಡಿದರು. "ಆಗ್ಲಿ, ಮನೆಗೆ ಹೋಗಿ ಬಿಸಿ ಏನಾದ್ರೂ ಕುಡೀರಿ," ಎಂದು ಎದ್ದು ಹೋದರು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಸುದ್ದಿಯನ್ನು ಪೂರ್ತಿ ಅಡಗಿಸಿದೆನೆಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆ.

ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದ ಸುಬ್ಬಿ ಹೇಳಿದಳು: "ಇವತ್ತು ದೊಡ್ಡ ಸೋವಂತೆ ಅಯ್ಯೋರೆ."

ಸೋವು ಎಂದರೆ, ಒಂದು ಕಡೆಯಿಂದ ಜನ ಕೂಗುತ್ತ ಪೊದೆಗಳೊಳಗೆ ನುಗ್ಗಿ ಪ್ರಾಣಿಗಳನ್ನು ಎಬ್ಬಿಸುವುದು, ಇನ್ನೊಂದು ಕಡೆ ಕೋವಿ ಹಿಡಿದವರು ಕಾದು ಕೂರುವುದು. ಆ ಪೊದೆಗಾಡಿಗೆ ಹಳು ಎನ್ನುತ್ತಾರೆ, ನುಗ್ಗುವವರಿಗೆ ಹಳುವಿನವರು.

"ಇದ್ದಕ್ಕಿದ್ದ ಹಾಗೆ ಯಾಕೆ?" ಎಂದೆ.

"ನಿಮ್ಮಿಂದಲೇ ಅಲ್ವಾ! ಪೇಪರಯ್ಯ ಇವತ್ತು ಹಕ್ಕಿಯೂ ಇಲ್ಲ ಹೂವೂ ಇಲ್ಲ ಅಂದ್ರಂತೆ. ಅಷ್ಟು ಮಾತಾಡೋರು ಬಾಯಿ ಕಟ್ಕೊಂಡು ಬಂದಾರೆ ಅಂದ್ರೆ ಎಮ್ಮೆಹೊಂಡದಲ್ಲಿ ಏನೋ ದೊಡ್ಡದೇ ಐತೆ ಅಂತ ಗೌಡ್ರು ಎಲ್ರನ್ನೂ ಕರೆಸಿದಾರೆ. ಆಗಲೇ ಹೊರಟೂ ಆಯ್ತು."

ನಮ್ಮ ಕಚೇರಿಯಲ್ಲಿ ಒಮ್ಮೆ, ಸೆನ್ಸಾರು ಹೊಡೆದುಹಾಕಿದ ಸುದ್ದಿಯ ಜಾಗವನ್ನು ತುಂಬಲು ಏನೂ ಸಿಗದೆ ಖಾಲಿಯೇ ಬಿಟ್ಟು ಅಚ್ಚು ಮಾಡಿದ್ದೆವು. ಅಂದು ಮೈಸೂರಿನ ಜನ ಪತ್ರಿಕೆಯ ಉಳಿದ ಯಾವುದನ್ನೂ ಓದಲಿಲ್ಲ. ಆ ಖಾಲಿ ಜಾಗವನ್ನೇ ಓದಿ, ನಡೆದದ್ದಕ್ಕಿಂತ ಹೆಚ್ಚನ್ನು ತಿಳಿದುಕೊಂಡರು. ಇದು ನನಗೆ ಸುಬ್ಬಿಯ ಮುಂದೆ ನಿಂತಾಗ ನೆನಪಾಯಿತು. ದಣಪೆಯ ಮುಂದೆ ನಿಂತಾಗ ನೆನಪಾಗಿರಲಿಲ್ಲ.

ಗೌಡರ ಮನೆಗೆ ಓಡುನಡಿಗೆಯಲ್ಲಿ ಹೋದೆ. ಅಲ್ಲಿ ಅವರ ತಾಯಿ ದ್ಯಾವಮ್ಮ ಅಂಗಳದಲ್ಲಿ ಬತ್ತ ಕಾಯುತ್ತ ಕೂತಿದ್ದರು. ಗಂಡಸರು ಒಬ್ಬರೂ ಇರಲಿಲ್ಲ. ನಾನು ಉಸಿರು ಬಿಡುತ್ತ ಕಡವೆಯ ವಿಷಯ ಹೇಳಿದೆ, ಮರಿಯ ವಿಷಯ ಹೇಳಿದೆ. ಮುದುಕಿ ಕೋಳಿಗೆ ಒಂದು ಕಡ್ಡಿ ಎಸೆದು ನನ್ನ ಮುಖ ನೋಡಿದರು.

"ಅಯ್ಯೋ ದೇವರೇ, ಮರಿ ಕಟ್ಕೊಂಡ ಕಡವೆನ ನಮ್ಮ ಮನೇರು ಹೊಡೆಯಲ್ಲ. ನಮ್ಮ ಮಾವನ ಕಾಲದಿಂದ ಹೊಡೆದಿಲ್ಲ. ಬೆಳಿಗ್ಗೆ ಅಷ್ಟು ಒಂದು ಮಾತು ಅಂದಿದ್ರೆ ಅಲ್ಲೇ ಮುಗಿದು ಹೋಗ್ತಿತ್ತಲ್ಲ ಅಯ್ಯ!"

"ಹಾಗಾದರೆ ಈಗಲೂ ಹೊಡೆಯುವುದಿಲ್ಲ ಅಲ್ವಾ?"

"ಮರಿ ಕಂಡ್ರೆ ತಾನೇ? ಹಳು ಅಂದ್ರೆ ಎಂಥದು ಅಂದ್ಕೊಂಡ್ರಿ? ತಾಯಿ ಮುಂದೆ ಹಾರುತ್ತೆ. ಮರಿ ಹೊರಗೆ ಬರೋ ಹೊತ್ತಿಗೆ ಗುಂಡು ಹೋಗಿ ಆಗಿರುತ್ತೆ."

"ತಡೆಯೋದು ಹೇಗಮ್ಮ?"

"ಹಳುವಿನವರು ಹೋ ಅಂತ ಮಾತ್ರ ಕೂಗೋದು. ಒಳಗಿಂದ ಮಾತು ಕೇಳಿದ್ರೆ ಯಾರೋ ದಾರಿ ತಪ್ಪಿ ಬಂದಾರೆ ಅಂತ ಕೋವಿ ಇಳಿಸ್ತಾರೆ. ಇಳಿಸಲೇಬೇಕು, ಅದು ನೇಮ. ಮಾತಾಡ್ತಾ ಹೋಗಿ. ಜೋರಾಗಿ. ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ನಿಮ್ಮನ್ನೇ ಹಂದಿ ಅಂದ್ಕೊಂಡಾರು. ಆ ಕಪ್ಪು ಕೋಟು ಇಲ್ಲೇ ಬಿಚ್ಚಿಟ್ಟು ಹೋಗಿ ಮತ್ತೆ."

"ಏನು ಮಾತಾಡಲಿ?"

"ಎಂಥದಾದ್ರೂ ಸೈ. ಪೇಪರಿನೋರಲ್ಲವಾ ನೀವು? ಮಾತಿಗೇನು ಬರ!"

ಮುದುಕಿಗೆ ತಿಳಿಯದ ಸಂಗತಿಯೊಂದಿದೆ. ಉಪಸಂಪಾದಕನ ಕೆಲಸ ಮಾತು ಆಡುವುದಲ್ಲ, ಬೇರೆಯವರು ಆಡಿದ್ದನ್ನು ಕಡಮೆ ಮಾಡುವುದು. ಕಾನಿನೊಳಗೆ ಹೋಗಿ ಬಾಯಿ ತೆರೆದರೆ ಏನೂ ಬರಲಿಲ್ಲ. ಮೇಲೆ ಎಲ್ಲೋ ಹಳುವಿನವರ ಹೋ ಎಂಬ ಕೂಗು ಶುರುವಾಗಿತ್ತು, ನಾಯಿಗಳು ಬೊಗಳುತ್ತಿದ್ದವು. "ಮಹನೀಯರೇ!" ಎಂದು ಕೂಗಿದೆ. ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಜೀವಮಾನದಲ್ಲಿ ನಾನು ಯಾವ ಸಭೆಯಲ್ಲೂ ಭಾಷಣ ಮಾಡಿದವನಲ್ಲ. ಆಮೇಲೆ ಬೆಳಗಿನ ಸುದ್ದಿ ತಾನಾಗಿಯೇ ಹೊರಟಿತು. "ಎಮ್ಮೆಹೊಂಡದಲ್ಲಿ ಕಡವೆ ಇದೆ! ಹೆಣ್ಣು ಕಡವೆ! ಜೊತೆಗೆ ಮರಿ ಇದೆ! ಮರಿ ಚಿಕ್ಕದು! ಬೆಳಿಗ್ಗೆ ನಾನು ಕಂಡೆ, ಹೇಳಲಿಲ್ಲ! ಈಗ ಹೇಳುತ್ತಿದ್ದೇನೆ!" ಇದನ್ನೇ ಮತ್ತೆ ಮತ್ತೆ ಕೂಗುತ್ತ, ಬೇರಿಗೆ ಎಡವುತ್ತ, ಬಿದಿರಿನ ಮುಳ್ಳಿಗೆ ಅಂಗಿ ಕೊಡುತ್ತ ಹತ್ತಿದೆ. ಒಂದೇ ಸುದ್ದಿಯನ್ನು ಎರಡು ಸಲ ಹಾಕುವುದು ನಮ್ಮಲ್ಲಿ ದೊಡ್ಡ ಅಪರಾಧ. ಅದು ಮನಸ್ಸಿಗೆ ಬಂದು ಸ್ವಲ್ಪ ಹೊತ್ತು ಕಂಡ ಕಂಡ ಮರಗಳ ಹೆಸರು ಕೂಗಿದೆ. ಅವು ಮುಗಿದ ಮೇಲೆ ಕಳೆದ ವಾರದ ಯುದ್ಧದ ಸುದ್ದಿ ಹೇಳಿದೆ. ಗಂಟಲು ಒಡೆಯಿತು. ಕೊನೆಗೆ ಬಂದದ್ದು ಮರಿ, ಮರಿ ಎಂಬ ಎರಡಕ್ಷರ ಮಾತ್ರ.

ಹೋ ಎಂಬ ಕೂಗು ಮೊದಲು ನಿಂತಿತು. ಆಮೇಲೆ ನಾಯಿಗಳೂ ಸುಮ್ಮನಾದವು. ಮತ್ತಿಮರವೊಂದರ ಹಿಂದಿನಿಂದ ಮಂಜೇಗೌಡರು ಎದ್ದರು. ಕೋವಿಯ ನಳಿಗೆ ನೆಲ ನೋಡುತ್ತಿತ್ತು.

"ಎಂಥದು ಮಾರಾಯ್ರೆ ಇದು! ಹುಚ್ಚು ಗಿಚ್ಚು ಹಿಡೀತಾ? ಒಂದು ಉಸಿರು ತಡವಾಗಿದ್ರೆ ನಿಮ್ಮ ಎದೆಗೇ ಹೋಗ್ತಿತ್ತು."

"ಮರಿ ಇದೆ ಗೌಡ್ರೆ."

"ಕೇಳಿತು. ಶೃಂಗೇರಿವರೆಗೂ ಕೇಳಿರುತ್ತೆ. ಅದನ್ನೇ ಬೆಳಿಗ್ಗೆ ಕೂತು ಸಾವಧಾನವಾಗಿ ಹೇಳಿದ್ರೆ ನಿಮ್ಮ ಗಂಟಲೂ ಉಳೀತಿತ್ತು, ನಮ್ಮ ಹೊತ್ತೂ ಉಳೀತಿತ್ತು. ನಾವೇನು ರಾಕ್ಷಸರಾ?"

"ಹೇಳಿದರೆ ಹೊಡೆಯುತ್ತೀರಿ ಅಂದುಕೊಂಡೆ."

"ಕೇಳಿದ್ರಾ ನನ್ನ?"

ಕೇಳಿರಲಿಲ್ಲ. ದಣಪೆಯ ಹತ್ತಿರ ಇಷ್ಟು ದಿನ ಕೂತು ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೆನೇ ಹೊರತು ನಾನಾಗಿ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅಷ್ಟರಲ್ಲಿ ಗೌಡರು ನನ್ನ ತೋಳು ಹಿಡಿದರು. ಎದುರಿನ ಏರಿನಲ್ಲಿ ಬಿದಿರು ಅಲ್ಲಾಡಿತು. ಕಡವೆ ಹೊರಗೆ ಬಂದು, ಮರಗಳಿಲ್ಲದ ಹುಲ್ಲಿನ ಪಟ್ಟಿಯ ಮೇಲೆ, ಕೋವಿಯ ಅಳತೆಯೊಳಗೆ ನಿಂತಿತು. ಅದು ಒಂಟಿಯಾಗಿತ್ತು. ದ್ಯಾವಮ್ಮ ಹೇಳಿದ್ದು ಸರಿಯಾಗಿತ್ತು. ಒಂದು ಗುಂಡು ಹಾರಿಸುವಷ್ಟು ಹೊತ್ತು ಒಂಟಿಯಾಗಿಯೇ ಇತ್ತು. ಅಕ್ಕಪಕ್ಕದ ಪೊದೆಗಳಿಂದ ಒಬ್ಬೊಬ್ಬರೇ ಎದ್ದು ನಿಂತರು. ಒಬ್ಬಾತ ನಾಯಿಯ ಮೂತಿಯನ್ನು ಕೈಯಲ್ಲಿ ಅದುಮಿ ಹಿಡಿದಿದ್ದ. ಆಮೇಲೆ ಮರಿ ಬಂತು, ಕಾಲು ಎಳೆದುಕೊಂಡು, ಆತುರವಿಲ್ಲದೆ. ಎರಡೂ ಹುಲ್ಲು ದಾಟಿ ಮೇಲಿನ ಕಾನಿಗೆ ಸೇರಿದವು. ಗೌಡರು ನನ್ನ ತೋಳು ಬಿಟ್ಟು, "ಹೋಗ್ಲಿ," ಎಂದರು. ಆ ಮಾತು ಕಡವೆಗೋ ನನಗೋ ಎಂದು ನಾನು ವಿಚಾರಿಸಲಿಲ್ಲ.

ಇಳಿಯುವಾಗ ತೀರ್ಮಾನವಾಯಿತು. ಸೋವು ಕೆಡಿಸಿದವನು ಮುಂದಿನ ಸೋವಿಗೆ ಹಳುವಿನವರ ಜೊತೆ ಇಳಿಯಬೇಕು. ಅದೂ ನೇಮವಂತೆ. ನಾನು ವಯಸ್ಸು ಹೇಳಿದೆ, ಎದೆಯ ವಿಷಯ ಹೇಳಿದೆ, ಲಿಂಗ ಕಟ್ಟಿದವನು ಎಂದೂ ಹೇಳಿದೆ. ಇವತ್ತು ಹತ್ತಿದ್ದು ಯಾವ ಎದೆಯಲ್ಲಿ ಎಂದು ನಾಯಿ ಹಿಡಿದಾತ ಕೇಳಿದ. ಮನೆಯಲ್ಲಿ ಗೌರಮ್ಮ ಮೆಣಸು ಹಾಕಿ ಹಾಲು ಕಾಯಿಸಿ ಕೊಟ್ಟಳು. ಮುಳ್ಳಿಗೆ ಸಿಕ್ಕಿ ಹರಿದ ಅಂಗಿ ನೋಡಿದಳು. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಪಿಸುಮಾತಿನಲ್ಲಿ ಹೇಳಿದೆ, ಅದಕ್ಕಿಂತ ದೊಡ್ಡ ದನಿ ಉಳಿದಿರಲಿಲ್ಲ. "ಜೀವಮಾನದಲ್ಲಿ ಒಂದು ದಿನ ಸುಮ್ಮನಿದ್ರಿ, ಅದಕ್ಕೆ ಇಷ್ಟು ರಾದ್ಧಾಂತ," ಎಂದಳು. ಆಮೇಲೆ, ಲೋಟ ಹಿಂದಕ್ಕೆ ತೆಗೆದುಕೊಳ್ಳುವಾಗ, ಮರಿ ಎಷ್ಟು ದೊಡ್ಡದಿತ್ತು ಎಂದು ಕೇಳಿದಳು. ಕೈಯಳತೆಯಲ್ಲಿ ತೋರಿಸಿದೆ.

ಮುಂದಿನ ಸೋವು ಸಂಕ್ರಾಂತಿ ಕಳೆದ ಮೇಲೆ ಎಂದು ಗೊತ್ತುಮಾಡಿದ್ದಾರೆ. ನನ್ನ ಗಂಟಲು ಇನ್ನೂ ಸರಿಹೋಗಿಲ್ಲ. ನಿನ್ನೆ ಸಂಜೆ ಮಂಜೇಗೌಡರು ಬಂದು, ಬಡಿದು ಸದ್ದು ಮಾಡಲು ಒಂದು ಖಾಲಿ ಸೀಮೆಎಣ್ಣೆ ಡಬ್ಬವನ್ನೂ ಒಂದು ಕೋಲನ್ನೂ ಕೊಟ್ಟು ಹೋಗಿದ್ದಾರೆ.